ಎಳೆಯದು, ನಡುವಯಸ್ಸಿನದು, ಹಳೆಯದು: ಬೋರ್ಡೊ ಕೆಂಪು ವೈನ್‌ನ ರುಚಿ ನೋಡಿ ಅಳೆಯುವ ಬಗೆ

ಹಳೆಯದಾದಷ್ಟೂ ವೈನ್ ಚೆನ್ನಾಗಿರುತ್ತದೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಅದನ್ನು ಪೂರ್ತಿ ನಂಬಬೇಡಿ. ಪ್ರಪಂಚದಲ್ಲಿ ತಯಾರಾಗುವ ಕೆಂಪು ವೈನ್‌ನಲ್ಲಿ ಬಹುಪಾಲು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಲೆಂದೇ ಮಾಡಿದ್ದು. ಹತ್ತಿಪ್ಪತ್ತು ವರ್ಷ ಬಾಟಲಿಯಲ್ಲಿ ಕೂತು ಇನ್ನಷ್ಟು ಚೆನ್ನಾಗುವ ವೈನ್‌ಗಳು ಸ್ವಲ್ಪವೇ. ಅವುಗಳಲ್ಲೂ ಪ್ರತಿಯೊಂದಕ್ಕೂ ಏರುವ ಕಾಲ ಇದೆ, ನಿಲ್ಲುವ ಕಾಲ ಇದೆ, ಇಳಿಯುವ ಕಾಲವೂ ಇದೆ. ರುಚಿ ನೋಡುವವರು ಕೇಳಬೇಕಾದ್ದು "ಇದು ಎಷ್ಟು ಹಳೆಯದು" ಅಂತಲ್ಲ, "ತನ್ನ ವಯಸ್ಸಿಗೆ ಇದು ಹೇಗಿದೆ" ಅಂತ.

ಇದನ್ನು ಕಲಿಯೋಕೆ ಫ್ರಾನ್ಸಿನ ಬೋರ್ಡೊ ವೈನ್‌ಗಳು ತುಂಬಾ ಅನುಕೂಲ. ಅಲ್ಲಿನ ಎಸ್ಟೇಟುಗಳನ್ನು ಶಾಟೊ ಅಂತಾರೆ. ಒಂದು ಶಾಟೊ ಹೆಚ್ಚುಕಡಿಮೆ ಅದೇ ತೋಟದ, ಅದೇ ತಳಿಯ ದ್ರಾಕ್ಷಿಯಿಂದ ವರ್ಷ ವರ್ಷವೂ ಅದೇ ಹೆಸರಿನ ವೈನ್ ಮಾಡುತ್ತದೆ. ಬದಲಾಗುವುದು ಮುಖ್ಯವಾಗಿ ಹವಾಮಾನ ಮತ್ತು ವಯಸ್ಸು. ಹಳೆಯ ವರ್ಷದ ಬಾಟಲಿಗಳೂ ಮಾರುಕಟ್ಟೆಯಲ್ಲಿ ಸಿಗುತ್ತವೆ. ಬೆಲೆ ಮಾತ್ರ ಕೇಳಬೇಡಿ!

ಬಾಟಲಿ ಆರಿಸುವುದು

ಮೂರು ಬಾಟಲಿ ಸಾಕು. ಒಂದು ಐದಾರು ವರ್ಷದ್ದು, ಒಂದು ಹದಿನೈದರ ಆಸುಪಾಸಿನದು, ಒಂದು ಇಪ್ಪತ್ತೈದು ದಾಟಿದ್ದು. ಮೂರೂ ಒಂದೇ ಶಾಟೊದ್ದಾದರೆ ಅತ್ಯುತ್ತಮ. ಇಲ್ಲವಾದರೆ ಒಂದೇ ಊರಿನದಾದರೂ ಇರಲಿ. ನಾನಾದರೆ ಜಿರೋಂದ್ ಅಳಿವೆಯ ಎಡದಂಡೆಯಲ್ಲಿರುವ ಮೆಡಾಕ್ ಪ್ರದೇಶಕ್ಕೆ ಹೋಗುತ್ತೇನೆ. ಪೋಯಾಕ್, ಸ್ಯಾಂ ಜೂಲಿಯಾಂ, ಮಾರ್ಗೊ, ಸ್ಯಾಂತ್ ಎಸ್ತೆಫ್ ಎಲ್ಲ ಅಲ್ಲೇ ಇವೆ. ಜಲ್ಲಿಕಲ್ಲಿನ ನೆಲ, ಕ್ಯಾಬರ್ನೆ ಸೊವಿನ್ಯೊಂ ದ್ರಾಕ್ಷಿಯದೇ ಮೇಲುಗೈ. ಈ ದ್ರಾಕ್ಷಿಗೆ ಸಿಪ್ಪೆ ದಪ್ಪ, ಒಗರು ಜಾಸ್ತಿ, ಹುಳಿಯೂ ಗಟ್ಟಿ. ಹಾಗಾಗಿ ವಯಸ್ಸಿನ ಬದಲಾವಣೆ ಇದರಲ್ಲಿ ಎದ್ದು ಕಾಣುತ್ತದೆ. ಬಲದಂಡೆಯ ಪೊಮೆರೋಲ್, ಸ್ಯಾಂತ್ ಎಮಿಲಿಯೊಂ ಕಡೆ ಮೆರ್ಲೊ ದ್ರಾಕ್ಷಿ ಹೆಚ್ಚು. ಅವು ಸಾಮಾನ್ಯವಾಗಿ ಬೇಗ ಮೆತ್ತಗಾಗುತ್ತವೆ. ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟರೆ ವ್ಯತ್ಯಾಸ ವಯಸ್ಸಿನದೋ ದ್ರಾಕ್ಷಿಯದೋ ಗೊತ್ತಾಗುವುದಿಲ್ಲ.

ಇಲ್ಲಿನ ಹೆಸರಾಂತ ಶಾಟೊಗಳನ್ನು ವಿಂಗಡಿಸಿದ 1855ರ ವರ್ಗೀಕರಣದಲ್ಲಿ ಐದು ದರ್ಜೆಗಳಿವೆ. ಮೊದಲ ದರ್ಜೆಯಲ್ಲಿ ಇವತ್ತು ಲಫೀತ್, ಲಾಟೂರ್, ಮಾರ್ಗೊ, ಓ ಬ್ರಿಯೊಂ, ಮೂತೊಂ ಇವೆ. ಮೂತೊಂಗೆ ಬಡ್ತಿ ಸಿಕ್ಕಿದ್ದು 1973ರಲ್ಲಿ. ಕಲಿಯೋಕೆ ಅವು ಬೇಕಾಗಿಲ್ಲ. ಮೂರನೆಯ, ನಾಲ್ಕನೆಯ, ಐದನೆಯ ದರ್ಜೆಯ ಒಳ್ಳೆಯ ಶಾಟೊಗಳು ಇದೇ ಪಾಠವನ್ನು ಎಷ್ಟೋ ಕಡಿಮೆ ಬೆಲೆಗೆ ಕಲಿಸುತ್ತವೆ.

ವರ್ಷವನ್ನೂ ನೋಡಿ ತೆಗೆದುಕೊಳ್ಳಿ. 2003 ಯುರೋಪಿಗೆ ಭಾರಿ ಬಿಸಿಗಾಳಿಯ ವರ್ಷ, ಹಲವು ವೈನ್‌ಗಳು ಬೇಗ ವಯಸ್ಸಾದವು. 2013 ಚಳಿ, ಮಳೆಯಿಂದ ಸೊರಗಿದ ವರ್ಷ. ಇಂಥವನ್ನು ಸಾಲಿನಲ್ಲಿ ಸೇರಿಸಿದರೆ ಲೆಕ್ಕ ತಪ್ಪುತ್ತದೆ. 2019, 2009, 1996 ಈ ಮೂರು ಮೆಡಾಕ್ ಮಟ್ಟಿಗೆ ಒಳ್ಳೆಯ ಜೋಡಣೆ. ಮೂರೂ ಒಳ್ಳೆಯ ವರ್ಷಗಳೇ, ಸ್ವಭಾವ ಮಾತ್ರ ಬೇರೆ. 2009 ಮಾಗಿದ, ತುಂಬುಮೈಯ ವರ್ಷ. 1996 ಹುಳಿ ಮತ್ತು ಒಗರು ಬಿಗಿಯಾಗಿದ್ದ ವರ್ಷ.

ಹಳೆಯ ಬಾಟಲಿ ಕೊಳ್ಳುವಾಗ ಲೇಬಲ್‌ಗಿಂತ ಮೊದಲು ವೈನ್ ಎಲ್ಲಿಯವರೆಗೆ ತುಂಬಿದೆ ನೋಡಿ. ಇಪ್ಪತ್ತೈದು ವರ್ಷದ ಬೋರ್ಡೊ ಕುತ್ತಿಗೆಯ ಬುಡದವರೆಗೆ ಇದ್ದರೆ ಚೆನ್ನ. ಭುಜದ ನಡುಭಾಗಕ್ಕೋ ಅದಕ್ಕಿಂತ ಕೆಳಗೋ ಇಳಿದಿದ್ದರೆ ಕಾರ್ಕ್ ಮೂಲಕ ಗಾಳಿ ಆಡಿದೆ ಅಂತ ಅರ್ಥ. ಕಾರ್ಕ್ ಉಬ್ಬಿ ಮೇಲೆ ಬಂದಿದ್ದರೆ, ಅಂಚಿನಲ್ಲಿ ಅಂಟಂಟು ಜಿನುಗಿದ್ದರೆ ಅದು ಬಿಸಿಲಲ್ಲಿ ಬೆಂದ ಬಾಟಲಿ. ಎಲ್ಲಿ ಇಟ್ಟಿದ್ದರು ಅನ್ನೋದು ತಯಾರಕರ ಹೆಸರಿನಷ್ಟೇ ಮುಖ್ಯ. 12ರಿಂದ 14 ಡಿಗ್ರಿ ಸೆಲ್ಸಿಯಸ್, ಕತ್ತಲು, 70 ಪ್ರತಿಶತದ ಆಸುಪಾಸಿನ ತೇವ, ಮಲಗಿಸಿದ ಬಾಟಲಿ: ಇದು ಸರಿಯಾದ ವ್ಯವಸ್ಥೆ. ನಮ್ಮ ಬೇಸಿಗೆಯಲ್ಲಿ ಅಡುಗೆಮನೆ ಅಟ್ಟದ ಮೇಲೆ ನಾಲ್ಕು ವರ್ಷ ಇಟ್ಟ ದುಬಾರಿ ವೈನ್‌ಗೂ ಈ ಅಭ್ಯಾಸಕ್ಕೂ ಸಂಬಂಧವಿಲ್ಲ. ಅದನ್ನು ಸುಮ್ನೆ ಕುಡಿದುಬಿಡಿ.

ಮೂರು ಬಾಟಲಿಯ ಖರ್ಚು ಒಬ್ಬರಿಗೆ ಭಾರ. ಹತ್ತು ಹನ್ನೆರಡು ಜನ ಸೇರಿ ಹಂಚಿಕೊಳ್ಳಿ. ಒಬ್ಬರಿಗೆ ಒಂದು ವೈನ್‌ಗೆ 50 ಮಿಲಿ ಸಾಕು. 750 ಮಿಲಿಯ ಬಾಟಲಿಯಲ್ಲಿ ಹನ್ನೆರಡು ಜನರಿಗೆ ಕೊಟ್ಟ ಮೇಲೂ ಸ್ವಲ್ಪ ಉಳಿಯುತ್ತದೆ. ಆ ಉಳಿದದ್ದಕ್ಕೂ ಮರುದಿನ ಕೆಲಸವಿದೆ.

ಹಿಂದಿನ ದಿನ

ಹಳೆಯ ಬಾಟಲಿಯನ್ನು ಒಂದು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ. ಎರಡು ದಿನವಾದರೆ ಇನ್ನೂ ಒಳ್ಳೆಯದು. ಪಕ್ಕದಲ್ಲಿ ಕೂತ ಗಸಿ ತಳಕ್ಕೆ ಇಳಿಯಬೇಕು.

ಕೆಂಪು ವೈನ್ ಕೋಣೆಯ ಉಷ್ಣತೆಯಲ್ಲಿರಬೇಕು ಅನ್ನುವ ಮಾತು ಹುಟ್ಟಿದ್ದು ಚಳಿದೇಶದ ಮನೆಗಳಲ್ಲಿ. ನಮ್ಮ 28 ಡಿಗ್ರಿ ಕೋಣೆಗೆ ಅದು ನಡೆಯುವುದಿಲ್ಲ. 16ರಿಂದ 18 ಡಿಗ್ರಿ ಇರಲಿ. ಅದಕ್ಕಿಂತ ಬಿಸಿಯಾದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ತೀರಾ ತಣ್ಣಗಾದರೆ ಒಗರು ಗಡಸಾಗುತ್ತದೆ. ಕೋಣೆಯಲ್ಲಿದ್ದ ಬಾಟಲಿಯನ್ನು ಬಡಿಸುವ ಮುಂಚೆ ಒಂದರಿಂದ ಒಂದೂವರೆ ಗಂಟೆ ಫ್ರಿಜ್‌ನಲ್ಲಿಡಿ. ಹಳೆಯದನ್ನು ಅಲ್ಲೂ ನೆಟ್ಟಗೇ ಇಡಿ, ಬಾಗಿಲಲ್ಲಿ ಬೇಡ. ತೆಗೆದು ಮುಚ್ಚುವಾಗ ಅಲುಗಾಡುತ್ತದೆ.

ಗ್ಲಾಸ್ ಎಲ್ಲವೂ ಒಂದೇ ಆಕಾರದ್ದಾಗಿರಲಿ. ಮೇಲ್ಗಡೆ ಸ್ವಲ್ಪ ಕಿರಿದಾಗಿದ್ದರೆ ಪರಿಮಳ ಒಳಗೆ ನಿಲ್ಲುತ್ತದೆ. ತೊಳೆದ ಸೋಪಿನ ವಾಸನೆ ಉಳಿಯದಂತೆ ಬರೀ ನೀರಲ್ಲಿ ಮತ್ತೆ ತೊಳೆಯಿರಿ. ಆ ಕೋಣೆಯಲ್ಲಿ ಊದುಬತ್ತಿ ಬೇಡ, ಒಗ್ಗರಣೆ ಘಾಟು ಬೇಡ, ಮುಡಿದ ಮಲ್ಲಿಗೆಯೂ ಬೇಡ. ಸೆಂಟ್ ಹಾಕಿಕೊಂಡು ಬಂದ ಸ್ನೇಹಿತರನ್ನು ಕಿಟಕಿ ಪಕ್ಕ ಕೂರಿಸಿ. ಉಗುಳಲು ಎಲ್ಲರಿಗೂ ಒಂದೊಂದು ಲೋಟ ಇಡಿ. ನಾಚಿಕೆ ಪಡುವಂಥದ್ದೇನಿಲ್ಲ, ಬೋರ್ಡೊದಲ್ಲಿ ಇದನ್ನೇ ಕಸುಬು ಮಾಡಿಕೊಂಡವರೆಲ್ಲ ಉಗುಳುತ್ತಾರೆ. ಮೂರನೆಯ ಗ್ಲಾಸಿನ ಹೊತ್ತಿಗೆ ತಲೆ ನೆಟ್ಟಗಿರಬೇಕು, ಅಲ್ವಾ?

ಕಾರ್ಕ್ ತೆಗೆಯುವುದು, ವೈನ್ ಬಗ್ಗಿಸುವುದು

ಹಳೆಯ ಕಾರ್ಕ್ ಪುಡಿಪುಡಿಯಾಗುತ್ತದೆ. ಎರಡು ತೆಳ್ಳನೆಯ ಉಕ್ಕಿನ ಪಟ್ಟಿಗಳಿರುವ ಓಪನರ್ ಸಿಗುತ್ತದೆ. ಕಾರ್ಕ್‌ನ ಎರಡೂ ಪಕ್ಕಕ್ಕೆ ಪಟ್ಟಿಗಳನ್ನು ಅತ್ತಿತ್ತ ಆಡಿಸುತ್ತಾ ಇಳಿಸಿ, ತಿರುಗಿಸುತ್ತಾ ಮೇಲೆಳೆಯಬೇಕು. ಕಾರ್ಕ್ ಮಧ್ಯಕ್ಕೆ ತೂತು ಬೀಳುವುದಿಲ್ಲ. ತುಂಡಾಗಿ ಒಳಗೆ ಬಿದ್ದರೂ ಗಾಬರಿ ಬೇಡ, ಸಣ್ಣ ಜಾಲರಿಯಲ್ಲಿ ಸೋಸಿದರಾಯಿತು.

ಎಳೆಯ ವೈನನ್ನು ಅಗಲ ತಳದ ಗಾಜಿನ ಹೂಜಿಗೆ ಧಾರಾಳವಾಗಿ ಸುರಿದು ಒಂದೆರಡು ಗಂಟೆ ಬಿಡಿ. ಗಾಳಿ ಆಡಿದರೆ ಮುಚ್ಚಿಕೊಂಡಿದ್ದ ಪರಿಮಳ ಬಿಚ್ಚಿಕೊಳ್ಳುತ್ತದೆ. ಹಳೆಯದಕ್ಕೆ ಹೀಗೆ ಮಾಡಿದರೆ ಕೆಟ್ಟಿತು. ಅದನ್ನು ಬಗ್ಗಿಸುವುದು ಗಾಳಿಗಾಗಿ ಅಲ್ಲ, ಗಸಿ ಬಿಡಿಸಲು. ಕುತ್ತಿಗೆಯ ಕೆಳಗೆ ಮೊಬೈಲ್ ಟಾರ್ಚ್ ಇಟ್ಟುಕೊಂಡು, ಕೈ ನಿಲ್ಲಿಸದೆ, ಒಂದೇ ಧಾರೆಯಲ್ಲಿ ನಿಧಾನವಾಗಿ ಸುರಿಯಿರಿ. ಕಪ್ಪು ಎಳೆ ಕುತ್ತಿಗೆಗೆ ಬಂದ ಕೂಡಲೇ ನಿಲ್ಲಿಸಿ. ತಳದ ಎರಡು ಬೆರಳಿನಷ್ಟು ಹೋದರೆ ಹೋಗಲಿ. ಇದನ್ನು ಬಡಿಸುವ ಹೊತ್ತಿಗೆ ಸರಿಯಾಗಿ ಮಾಡಿ, ಮೊದಲೇ ಬೇಡ.

ಯಾವುದು ಮೊದಲು?

ಇದರ ಬಗ್ಗೆ ಜಗಳವೇ ಇದೆ. ಊಟದ ಮೇಜಿನಲ್ಲಿ ಎಳೆಯದರಿಂದ ಹಳೆಯದಕ್ಕೆ ಹೋಗುವುದು ರೂಢಿ. ಅಳೆಯೋಕೆ ಕೂತಾಗ ನಾನು ಉಲ್ಟಾ ಹೋಗುವ ಪಕ್ಷ. ಎಳೆಯ ಕ್ಯಾಬರ್ನೆಯ ಒಗರು ಬಾಯಿಗೆ ಹಿಡಿದರೆ ಹಳೆಯದರ ಸೂಕ್ಷ್ಮ ತಿಳಿಯುವುದೇ ಇಲ್ಲ. ಜೊತೆಗೆ, ಹಳೆಯ ವೈನ್ ಗ್ಲಾಸಿನಲ್ಲಿ ಅರ್ಧ ಗಂಟೆಯಲ್ಲೇ ಸೊರಗಬಹುದು. ಹಾಗಾಗಿ 1996 ಮೊದಲು, ಆಮೇಲೆ 2009, ಕೊನೆಗೆ 2019. ಮುಗಿದ ಮೇಲೆ ನೀರು ಕುಡಿದು, ಸಾದಾ ಬ್ರೆಡ್ ಒಂದು ಚೂರು ತಿಂದು, ಮತ್ತೆ 1996ಕ್ಕೆ ಬನ್ನಿ.

ಸಾಧ್ಯವಾದರೆ ಯಾರಾದರೂ ಒಬ್ಬರು ವರ್ಷ ಕಾಣದಂತೆ ಬಡಿಸಲಿ. ಕಣ್ಣು ಮೂಗನ್ನು ಹೇಗೆ ಮೋಸ ಮಾಡುತ್ತದೆ ಅನ್ನೋದಕ್ಕೆ ಬೋರ್ಡೊದಲ್ಲೇ ನಡೆದ ಪ್ರಯೋಗವಿದೆ. ವೈನ್ ವಿಷಯ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಕೆಂಪು ವೈನ್‌ಗೆ ಬಳಸುವ ಪದಗಳಲ್ಲೇ ಅದನ್ನು ಬಣ್ಣಿಸಿದರು. 2001ರಲ್ಲಿ ಇದು ಪ್ರಕಟವಾಯಿತು. ಬರೀ ಬಣ್ಣವೇ ಇಷ್ಟು ಮಾಡಿದರೆ, ಲೇಬಲ್ ಮೇಲಿನ ಹೆಸರು ಮತ್ತು ಬೆಲೆ ಇನ್ನೆಷ್ಟು ಮಾಡಬಹುದು?

ನೋಡುವುದು

ಬಿಳಿ ಹಾಳೆಯ ಮೇಲೆ ಗ್ಲಾಸನ್ನು ಓರೆಯಾಗಿ ಹಿಡಿದು ಅಂಚನ್ನು ನೋಡಿ. ಎಳೆಯದು ನೇರಳೆ ಬಣ್ಣ, ಅಂಚಿನವರೆಗೂ ದಟ್ಟ. ನಡುವಯಸ್ಸಿನದು ಮಧ್ಯೆ ಮಾಣಿಕ್ಯದ ಕೆಂಪು, ಅಂಚಿನಲ್ಲಿ ಇಟ್ಟಿಗೆ ಬಣ್ಣದ ಸುಳಿವು. ಹಳೆಯದು ಇಟ್ಟಿಗೆ ಕೆಂಪು, ಅಂಚು ಅಗಲವಾಗಿ ತಿಳಿಯಾಗಿರುತ್ತದೆ. ಸಿಪ್ಪೆಯಿಂದ ಬಂದ ಬಣ್ಣದ ಕಣಗಳು ಒಗರಿನ ಅಂಶವಾದ ಟ್ಯಾನಿನ್ ಜೊತೆ ಬೆಸೆದುಕೊಂಡು ಉದ್ದವಾಗುತ್ತಾ ಹೋಗುತ್ತವೆ, ಅದರಲ್ಲಿ ಒಂದಷ್ಟು ಗಸಿಯಾಗಿ ತಳಕ್ಕೆ ಬೀಳುತ್ತದೆ. ಅದಕ್ಕೇ ಕೆಂಪು ವೈನ್ ವಯಸ್ಸಾದಂತೆ ತೆಳುವಾಗುವುದು.

ಬಣ್ಣ ತೀರ್ಪಲ್ಲ, ಸುಳಿವು ಅಷ್ಟೇ. ಐದು ವರ್ಷದ ವೈನ್ ಅಂಚಿನಲ್ಲಿ ಕಂದು ತೋರಿಸಿದರೆ ಅನುಮಾನ ಪಡಿ. ಇಪ್ಪತ್ತೈದರದ್ದು ಕಂದಾಗಿದ್ದೂ ಹೊಳಪು ಉಳಿಸಿಕೊಂಡಿದ್ದರೆ ಜೀವ ಇದೆ. ಗ್ಲಾಸಿನ ಗೋಡೆಯಲ್ಲಿ ಇಳಿಯುವ ಹನಿಗಳನ್ನು ನೋಡಿ ಗುಣಮಟ್ಟ ಹೇಳುವವರಿದ್ದಾರೆ. ಅದು ಮುಖ್ಯವಾಗಿ ಆಲ್ಕೋಹಾಲ್ ಆಟ, ಬಿಟ್ಟುಬಿಡಿ.

ಮೂಸುವುದು

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದೇ. ಮೊದಲು ಗ್ಲಾಸ್ ಅಲುಗಿಸದೆ ಮೂಸಿ. ಆಮೇಲೆ ತಿರುಗಿಸಿ ಮೂಸಿ. ಹಳೆಯದನ್ನು ಜೋರಾಗಿ ತಿರುಗಿಸಬೇಡಿ.

ಎಳೆಯದರಲ್ಲಿ ಹಣ್ಣು ಮುಂದೆ ಬರುತ್ತದೆ. ಕ್ಯಾಬರ್ನೆಯ ಗುರುತು ಬ್ಲ್ಯಾಕ್‌ಕರಂಟ್. ಆ ಹಣ್ಣನ್ನು ನೋಡದವರು ಬ್ಲ್ಯಾಕ್‌ಕರಂಟ್ ಐಸ್‌ಕ್ರೀಮ್ ನೆನಪಿಸಿಕೊಳ್ಳಿ, ಸಕ್ಕರೆ ಬಿಟ್ಟು. ಜೊತೆಗೆ ಓಕ್ ಮರದ ವಾಸನೆ: ವೆನಿಲ್ಲಾ, ಲವಂಗ, ಸುಟ್ಟ ಮರ. ಒಳ್ಳೆಯ ಶಾಟೊಗಳು 225 ಲೀಟರಿನ ಓಕ್ ಪೀಪಾಯಿಗಳಲ್ಲಿ ವೈನನ್ನು ಒಂದೂವರೆ ವರ್ಷದ ಆಸುಪಾಸು ಇಡುತ್ತವೆ. ಐದನೆಯ ವರ್ಷದಲ್ಲಿ ಓಕ್ ಸ್ವಲ್ಪ ಮುಂದಿದ್ದರೆ ಚಿಂತೆಯಿಲ್ಲ. ಹಣ್ಣನ್ನು ಪೂರ್ತಿ ಮುಚ್ಚಿಬಿಟ್ಟಿದ್ದರೆ ಯೋಚಿಸಬೇಕು. ದಪ್ಪ ಮೆಣಸಿನಕಾಯಿಯ ಹಸಿ ವಾಸನೆ ಬಂದರೆ ದ್ರಾಕ್ಷಿ ಪೂರ್ತಿ ಮಾಗಿರಲಿಲ್ಲ ಅಂತ. ಚೂರು ಇದ್ದರೆ ಚೆಂದ. ಜಾಸ್ತಿ ಇದ್ದರೆ ಅದು ಬಾಟಲಿಯಲ್ಲಿ ಅಷ್ಟು ಸುಲಭವಾಗಿ ಹೋಗುವಂಥದ್ದಲ್ಲ, ಇಪ್ಪತ್ತು ವರ್ಷದ ಮೇಲೂ ಉಳಿದಿರುತ್ತದೆ.

ನಡುವಯಸ್ಸಿನದರಲ್ಲಿ ಎರಡು ಗುಂಪು ಒಟ್ಟಿಗೆ ಸಿಗಬೇಕು. ಹಣ್ಣು ಇನ್ನೂ ಇದೆ, ಆದರೆ ತಾಜಾ ಹಣ್ಣಿನಿಂದ ಒಣಹಣ್ಣಿನ ಕಡೆ ವಾಲಿದೆ. ಅದರ ಜೊತೆ ತಂಬಾಕು, ದೇವದಾರು, ಆಗತಾನೆ ಕೆತ್ತಿದ ಪೆನ್ಸಿಲ್. ಪೋಯಾಕ್ ವೈನ್‌ಗಳಲ್ಲಿ ಈ ಪೆನ್ಸಿಲ್ ವಾಸನೆ ಪ್ರಸಿದ್ಧ. ಇನ್ನು, ಕೆಲವು ಬೋರ್ಡೊಗಳು ಎಳೆತನ ಕಳೆದ ಮೇಲೆ ಕೆಲವು ವರ್ಷ ಬಾಯಿ ಮುಚ್ಚಿ ಕೂರುತ್ತವೆ. ಹಣ್ಣೂ ಇಲ್ಲ, ತಂಬಾಕೂ ಇಲ್ಲ, ಬರೀ ಒಗರು. ಅಂಥದ್ದು ಸಿಕ್ಕರೆ ಒಂದೇ ಸಲಕ್ಕೆ ತೀರ್ಪು ಕೊಡಬೇಡಿ. ಬಾಯಲ್ಲಿ ಅದರ ತೂಕ ಮತ್ತು ಉದ್ದ, ಅಂದರೆ ಪರಿಮಳ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನೋದು, ನೋಡಿ.

ಹಳೆಯದರಲ್ಲಿ ಹಣ್ಣು ಹಿಂದೆ ಸರಿದು, ಚರ್ಮದ ಅಂಗಡಿ, ಸಿಗಾರ್ ಡಬ್ಬಿ, ಅಣಬೆ, ಮಳೆಗಾಲದಲ್ಲಿ ಕಾಡಿನ ತರಗೆಲೆ ಕೊಳೆಯುವ ವಾಸನೆ ಬರುತ್ತದೆ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಸಬರು ಮೊದಲ ಸಲ ಇದನ್ನು ಮೂಸಿ ಮುಖ ಕಿವುಚುತ್ತಾರೆ. ಕೆಟ್ಟಿದೆ ಅಂದುಕೊಳ್ಳುತ್ತಾರೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಈ ವಾಸನೆಗಳ ಹಿಂದೆ ಎಲ್ಲೋ ಹಣ್ಣಿನ ಸಿಹಿ ಉಳಿದಿದೆಯಾ? ಉಳಿದಿದ್ದರೆ ವೈನ್ ಬದುಕಿದೆ. ಬರೀ ತರಗೆಲೆ, ಬರೀ ಅಣಬೆ, ಆಮೇಲೆ ವಿನೆಗರ್ ಅಂದರೆ ಕಾಲ ಮುಗಿದಿದೆ.

ದೋಷಗಳನ್ನು ವಯಸ್ಸಿನ ಜೊತೆ ಬೆರೆಸಿಕೊಳ್ಳಬಾರದು. ನೆನೆದ ರಟ್ಟಿನ ವಾಸನೆ ಕಾರ್ಕ್ ದೋಷದ್ದು. ಟಿಸಿಎ ಅನ್ನುವ ವಸ್ತು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಸಾಕು, ಹಣ್ಣೆಲ್ಲ ಸತ್ತುಹೋಗುತ್ತದೆ. ನೇಲ್ ಪಾಲಿಶ್ ತೆಗೆಯುವ ದ್ರವದ ವಾಸನೆ ವಿನೆಗರ್ ಕಡೆ ಹೊರಟ ಲಕ್ಷಣ. ಕುದುರೆ ಲಾಯದ ವಾಸನೆ ಬ್ರೆಟ್ಟನೊಮೈಸಿಸ್ ಎಂಬ ಯೀಸ್ಟಿನದು. ಹಳೆಯ ಕಾಲದ ಬೋರ್ಡೊಗಳಲ್ಲಿ ಇದು ಅಪರೂಪವೇನಲ್ಲ, ಸ್ವಲ್ಪ ಇದ್ದರೆ ಇಷ್ಟಪಡುವವರೂ ಇದ್ದಾರೆ. ಬಾಟಲಿ ತೆಗೆದ ಕೂಡಲೇ ಬರುವ ಮುಗ್ಗಲು ವಾಸನೆ ಮಾತ್ರ ಬೇರೆ. ಹತ್ತು ನಿಮಿಷ ಕಾಯಿರಿ. ಹೋದರೆ ಅದು ಮುಚ್ಚಿಟ್ಟ ಬಾಟಲಿಯ ವಾಸನೆ. ಇನ್ನೂ ಜಾಸ್ತಿಯಾದರೆ ಕಾರ್ಕ್ ದೋಷ.

ಮಾತಾಡುವ ಮುಂಚೆ ಬರೆದುಕೊಳ್ಳಿ. ಗುಂಪಿನಲ್ಲಿ ಒಬ್ಬರು ಗಟ್ಟಿಯಾಗಿ "ತಂಬಾಕು" ಅಂದರೆ ಮುಗಿಯಿತು, ಎಲ್ಲರಿಗೂ ತಂಬಾಕೇ ಬರುತ್ತದೆ.

ಬಾಯಲ್ಲಿ

ಎರಡು ಚಮಚದಷ್ಟು ಗುಟುಕು ತೆಗೆದುಕೊಳ್ಳಿ. ತುಟಿ ಸ್ವಲ್ಪ ತೆರೆದು ಗಾಳಿ ಎಳೆಯಿರಿ, ಸೊರ್ ಅಂತ ಶಬ್ದ ಬಂದರೂ ಪರವಾಗಿಲ್ಲ. ಬಾಯಿತುಂಬಾ ಓಡಾಡಿಸಿ, ಎಂಟು ಹತ್ತು ಸೆಕೆಂಡ್ ಆದ ಮೇಲೆ ಉಗುಳಿ. ಒಂದೊಂದು ಗುಟುಕಿಗೆ ಒಂದೊಂದು ವಿಷಯ ಗಮನಿಸಿ. ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋದರೆ ಯಾವುದೂ ಸಿಗುವುದಿಲ್ಲ.

ಹುಳಿ: ಉಗುಳಿದ ಮೇಲೆ ದವಡೆಯ ಪಕ್ಕದಲ್ಲಿ ಎಷ್ಟು ಜೊಲ್ಲು ಒಸರುತ್ತದೆ ನೋಡಿ.

ಒಗರು ಅಂದರೆ ಟ್ಯಾನಿನ್: ನಾಲಿಗೆಯನ್ನು ಮೇಲಿನ ವಸಡಿನ ಮೇಲೆ ಆಡಿಸಿ. ಎಷ್ಟು ಒಣಗಿದೆ ಅನ್ನೋದಕ್ಕಿಂತ ಹೇಗೆ ಒಣಗಿದೆ ಅನ್ನೋದು ಮುಖ್ಯ. ಒರಟಾಗಿ ಗೀರುತ್ತದೆಯೇ, ನುಣುಪಾದ ಪುಡಿ ಹಚ್ಚಿದಂತಿದೆಯೇ? ಎಳೆಯ ಒಳ್ಳೆಯ ಬೋರ್ಡೊದಲ್ಲಿ ಒಗರು ತುಂಬಾ ಇರಬಹುದು, ಆದರೆ ಕಣ ಸಣ್ಣಗಿರಬೇಕು. ಇದು ಗೊತ್ತಾಗದಿದ್ದರೆ ಹಿಂದಿನ ದಿನ ಹಾಲಿಲ್ಲದ ಸ್ಟ್ರಾಂಗ್ ಟೀ ಕುಡಿದು, ಇನ್ನೊಮ್ಮೆ ನೇರಳೆ ಹಣ್ಣು ತಿಂದು ಅಭ್ಯಾಸ ಮಾಡಿ. ಎರಡರ ಒಗರೂ ಬೇರೆ ಬೇರೆ.

ಆಲ್ಕೋಹಾಲ್: ಗಂಟಲಿನ ಬಿಸಿ. 1996ರ ಬಹಳಷ್ಟು ಮೆಡಾಕ್‌ಗಳ ಲೇಬಲ್ ಮೇಲೆ 12.5 ಪ್ರತಿಶತ ಇರುತ್ತದೆ, ಈಚಿನವುಗಳಲ್ಲಿ 13.5ರಿಂದ 14.5. ಲೇಬಲ್ ಮುಚ್ಚಿ ರುಚಿ ನೋಡುವಾಗ ಇದೂ ಒಂದು ಸುಳಿವು.

ಉದ್ದ: ಉಗುಳಿದ ಮೇಲೆ ಪರಿಮಳ ಎಷ್ಟು ಸೆಕೆಂಡ್ ನಿಲ್ಲುತ್ತದೆ ಎಣಿಸಿ. ಫ್ರೆಂಚರು ಒಂದು ಸೆಕೆಂಡಿಗೆ ಒಂದು ಕೊದಾಲಿ ಎಂದು ಲೆಕ್ಕ ಹಾಕುತ್ತಾರೆ. ಎಣಿಸಬೇಕಾದ್ದು ಪರಿಮಳವನ್ನು, ಹುಳಿ ಒಗರುಗಳನ್ನಲ್ಲ. ಈ ಅಳತೆಯಲ್ಲಿ ನನಗೆ ನಂಬಿಕೆ ಜಾಸ್ತಿ. ಬಣ್ಣ, ಓಕ್, ಸಿಹಿಯಿಂದ ಮೊದಲ ಗುಟುಕು ಮರುಳು ಮಾಡಬಹುದು. ಉದ್ದವನ್ನು ಹಾಗೆ ನಟಿಸಿ ತೋರಿಸುವುದು ಕಷ್ಟ.

ಈಗ ಇವೆಲ್ಲ ಒಟ್ಟಿಗೆ ಹೇಗಿವೆ? ಸಾರಿನಲ್ಲಿ ಹುಳಿ, ಉಪ್ಪು, ಬೆಲ್ಲ ಹದವಾಗಿ ಬಿದ್ದಾಗ ಯಾವುದೂ ಬೇರೆಯಾಗಿ ನಾಲಿಗೆಗೆ ಸಿಗುವುದಿಲ್ಲವಲ್ಲ, ಅದೇ ಇಲ್ಲೂ ನೋಡಬೇಕಾದ್ದು. ವಯಸ್ಸಿನ ಗುಟ್ಟು ಇರುವುದೂ ಇಲ್ಲೇ. ವರ್ಷ ಕಳೆದಂತೆ ಒಗರು ಮೆತ್ತಗಾಗುತ್ತದೆ, ಹಣ್ಣು ಕರಗುತ್ತದೆ, ಹುಳಿ ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಹಾಗಾದರೆ ಇದೊಂದು ಓಟ: ಒಗರು ಮೆತ್ತಗಾಗುವ ಹೊತ್ತಿಗೆ ಹಣ್ಣು ಉಳಿದಿರಬೇಕು. 1975ರ ಎಷ್ಟೋ ಬೋರ್ಡೊಗಳಲ್ಲಿ ಹಣ್ಣು ಮೊದಲು ಹೋಯಿತು, ಗಡಸು ಒಗರು ಉಳಿಯಿತು. 1982ರ ವೈನ್‌ಗಳನ್ನು ಎಳೆಯದರಲ್ಲಿ ಕೆಲವರು ತೀರಾ ಮೆತ್ತಗಿವೆ, ಬಾಳಿಕೆ ಬರಲ್ಲ ಅಂದಿದ್ದರು. ಅದರ ಒಳ್ಳೆಯ ಬಾಟಲಿಗಳು ಹಲವು ದಶಕ ಬಾಳಿದವು. ಎಳೆಯದರಲ್ಲಿ ಕುಡಿಯಲು ಕಷ್ಟವಾದದ್ದೇ ಮುಂದೆ ಚೆನ್ನಾಗಿರುತ್ತದೆ ಅನ್ನೋದು ಹಾಗಾಗಿ ನಿಲ್ಲದ ಮಾತು. ಎಳೆಯದರಲ್ಲಿ ಹದವಿಲ್ಲದ್ದು ಹಳೆಯದಾದರೂ ಹದವಾಗುವುದು ಅಪರೂಪ.

ತೀರ್ಪು

ನೂರಕ್ಕೆ ಇಷ್ಟು, ಇಪ್ಪತ್ತಕ್ಕೆ ಇಷ್ಟು ಅಂತ ಅಂಕ ಕೊಡುವ ಪದ್ಧತಿಗಳಿವೆ. ಬೇಕಾದರೆ ಕೊಡಿ. ಬೇರೆ ಬೇರೆ ವಯಸ್ಸಿನ ವೈನ್‌ಗಳಿಗೆ ಒಂದೇ ಅಂಕ ಅಷ್ಟು ಹೊಂದುವುದಿಲ್ಲ ಅನ್ನೋದು ನನ್ನ ಅನಿಸಿಕೆ. ಎಳೆಯದಕ್ಕೆ ಕೊಡುವುದು ಮುಂದಿನದರ ಅಂದಾಜು, ಹಳೆಯದಕ್ಕೆ ಕೊಡುವುದು ಎದುರಿಗಿರುವುದರ ಲೆಕ್ಕ. ಬದಲಿಗೆ ಪ್ರತಿ ವೈನ್‌ಗೆ ಮೂರು ಸಾಲು ಬರೆಯಿರಿ. ಇವತ್ತು ಹೇಗಿದೆ. ಏರುತ್ತಿದೆಯೋ, ನಿಂತಿದೆಯೋ, ಇಳಿಯುತ್ತಿದೆಯೋ. ಇನ್ನೊಂದು ಬಾಟಲಿ ಇದ್ದರೆ ಯಾವಾಗ ತೆಗೆಯುತ್ತೀರಿ. ಮೂರನೆಯ ಸಾಲು ಬರೆಯುವಾಗ ನಿಮ್ಮ ಅಭಿಪ್ರಾಯ ತಾನಾಗೇ ಸ್ಪಷ್ಟವಾಗುತ್ತದೆ.

ಎರಡನೆಯ ಸಾಲಿನಲ್ಲಿ ತಜ್ಞರೂ ಎಡವುತ್ತಾರೆ. 1976ರ ಮೇ 24ರಂದು ಪ್ಯಾರಿಸ್‌ನಲ್ಲಿ ಫ್ರೆಂಚ್ ತೀರ್ಪುಗಾರರು ಹೆಸರು ಮುಚ್ಚಿ ರುಚಿ ನೋಡಿದಾಗ ಕೆಂಪಿನಲ್ಲಿ ಗೆದ್ದದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾಗ್ಸ್ ಲೀಪ್ 1973. ಸೋತವುಗಳಲ್ಲಿ 1970ರ ಮೂತೊಂ, ಓ ಬ್ರಿಯೊಂ ಇದ್ದವು. ಬೋರ್ಡೊ ನಿಧಾನವಾಗಿ ಮಾಗುವಂಥದ್ದು, ಕಾಲ ಕಳೆದರೆ ಅದೇ ಮೇಲಾಗುತ್ತದೆ ಅನ್ನುವ ಸಮಾಧಾನ ಆಗ ಕೇಳಿಬಂತು. ಮೂವತ್ತು ವರ್ಷದ ಮೇಲೆ, 2006ರಲ್ಲಿ, ಅದೇ ಕೆಂಪು ವೈನ್‌ಗಳನ್ನು ಮತ್ತೆ ಮುಚ್ಚಿ ನೋಡಿದರು. ಮೊದಲ ಸ್ಥಾನ ಕ್ಯಾಲಿಫೋರ್ನಿಯಾದ ರಿಡ್ಜ್ ಮಾಂಟೆ ಬೆಲ್ಲೊ 1971ಕ್ಕೆ. ಮೊದಲ ಐದೂ ಕ್ಯಾಲಿಫೋರ್ನಿಯಾದವೇ.

ದುಬಾರಿ ಬಾಟಲಿಗೆ ಮುಂಚೆ ಈ ಹಂತಗಳನ್ನೆಲ್ಲ ಕಡಿಮೆ ಖರ್ಚಿನಲ್ಲಿ ರೂಢಿ ಮಾಡಿಕೊಳ್ಳಬಹುದು. ನಂದಿಬೆಟ್ಟದ ತಪ್ಪಲಿನ ಗ್ರೋವರ್‌ನವರ ಲಾ ರಿಸರ್ವ್ ಕ್ಯಾಬರ್ನೆ ಮತ್ತು ಶಿರಾಜ್ ಮಿಶ್ರಣ. ಅದರ ಹಿಂದೆ ಪೊಮೆರೋಲ್ ಮೂಲದ ಹೆಸರಾಂತ ವೈನ್ ಸಲಹೆಗಾರ ಮಿಶೆಲ್ ರೋಲಾಂ ಅವರ ಸಲಹೆಯೂ ಇತ್ತು. ಸಿಗುವ ಎರಡು ಬೇರೆ ವರ್ಷದ ಬಾಟಲಿ ಇಟ್ಟುಕೊಂಡು ಹುಳಿ, ಒಗರು, ಉದ್ದ ಅಳೆದು ನೋಡಿ.

ಮರುದಿನ

ಉಳಿದ ವೈನ್‌ಗೆ ಕಾರ್ಕ್ ಒತ್ತಿ ಫ್ರಿಜ್‌ನಲ್ಲಿಡಿ. ಮರುದಿನ ಹೊರಗೆ ತೆಗೆದು, ಸ್ವಲ್ಪ ಬಿಸಿಯೇರಿದ ಮೇಲೆ ಮತ್ತೆ ರುಚಿ ನೋಡಿ, ಹಿಂದಿನ ರಾತ್ರಿಯ ಟಿಪ್ಪಣಿಯ ಪಕ್ಕದಲ್ಲೇ ಬರೆಯಿರಿ. 2019 ಇನ್ನೂ ಚೆನ್ನಾಗಿ ಬಿಚ್ಚಿಕೊಂಡಿದ್ದರೆ ಅದರಲ್ಲಿ ಮುಂದಿನ ವರ್ಷಗಳಿಗೆ ಸರಕಿದೆ ಎಂದು ಅಂದಾಜು ಮಾಡಬಹುದು. ಅಂದಾಜು ಅಷ್ಟೇ. ಒಂದು ರಾತ್ರಿ ಗಾಳಿಗೆ ಒಡ್ಡುವುದೂ ಹತ್ತು ವರ್ಷ ಮುಚ್ಚಿದ ಬಾಟಲಿಯಲ್ಲಿ ಇರುವುದೂ ಒಂದೇ ಅಲ್ಲ. 2009 ಹೆಚ್ಚುಕಡಿಮೆ ಹಾಗೇ ಇರಬೇಕು. ರಾತ್ರೋರಾತ್ರಿ ಸಪ್ಪೆಯಾಗಿದ್ದರೆ ಮನೆಯಲ್ಲಿರುವ ಉಳಿದ ಬಾಟಲಿಗಳನ್ನು ಬೇಗ ಕುಡಿಯಿರಿ. 1996ನ್ನು ಮಾತ್ರ ಮರುದಿನಕ್ಕೆ ಉಳಿಸಬೇಡಿ, ಅದು ಅಂದೇ ರಾತ್ರಿ ಮುಗಿಯಲಿ.